ತಿರುಮಣಿ ಅಳಿಯನ ಜಲವ್ರತ

ಬಿಸಿಲನ್ನು ಬಾಡಿಗೆಗೆ ಕೊಟ್ಟು ಬಂದ ಮನುಷ್ಯನಿಗೆ ನೀರಿನ ಹುಚ್ಚು ಹಿಡಿದರೆ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನರಸಿಂಹರಾಜು ಪಾವಗಡ ತಾಲ್ಲೂಕಿನ ತಿರುಮಣಿಯವನು. ಅವನ ಒಂಬತ್ತು ಎಕರೆ ಹೊಲದ ಮೇಲೆ ಈಗ ಸೋಲಾರ್ ಹಲಗೆಗಳು ಸಾಲಾಗಿ ಒರಗಿ ಬಿಸಿಲು ಕುಡಿಯುತ್ತಿದ್ದವು. ಹೊಲ ದುಡಿಯುತ್ತಿತ್ತು, ಯಜಮಾನ ಸುಮ್ಮನಿದ್ದ. ಸುಮ್ಮನಿರುವುದಕ್ಕೂ ತಿರುಮಣಿಯಲ್ಲಿ ನೆರಳಿಲ್ಲವೆಂದು ಅವನು ಹೆಂಡತಿ ಗಂಗಲಕ್ಷ್ಮಿಯ ತವರಿಗೆ, ಕೊರಟಗೆರೆ ತಾಲ್ಲೂಕಿನ ಹುಲುಗಲಹಳ್ಳಿಗೆ ಬಂದು ನೆಲೆಸಿ ಮೂರು ವರ್ಷವಾಗಿತ್ತು. ಊರಿನವರು ಅವನನ್ನು ತಿರುಮಣಿ ಅಳಿಯ ಎನ್ನುತ್ತಿದ್ದರು. ಗಂಡಸರು ಎದುರಿಗೆ ಸಿಕ್ಕಾಗ ಭಾವ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರು ಎಂಬುದನ್ನು ಬರೆಯುವಂತಿಲ್ಲ.

ಹುಲುಗಲಹಳ್ಳಿಯ ಪಕ್ಕದಲ್ಲಿ ಜಯಮಂಗಲಿ ಹೊಳೆ. ಬಹಳ ವರ್ಷ ಅದರಲ್ಲಿ ಮರಳು ಮಾತ್ರ ಹರಿಯುತ್ತಿತ್ತು, ಅದೂ ಲಾರಿಯಲ್ಲಿ. ಈಚೆಗೆ ನಾಲ್ಕು ಮಳೆ ಚೆನ್ನಾಗಿ ಆಗಿ ಹೊಳೆಗೆ ನೀರು ಬಂದಿತ್ತು. ಊರ ಕೆಳಗಿನ ಬಂಡೆಗಳ ನಡುವೆ ಆನೆಮಡು ಎಂಬ ಆಳವಾದ ಮಡುವೊಂದು ತುಂಬಿ ನಿಂತಿತ್ತು. ತಿರುಮಣಿಯಲ್ಲಿ ಟ್ಯಾಂಕರಿನ ಕೊಳವೆಯಿಂದ ಬೀಳುವುದನ್ನೇ ಜಲರಾಶಿ ಎಂದುಕೊಂಡು ಬೆಳೆದ ನರಸಿಂಹರಾಜು ಆ ಮಡುವನ್ನು ದಿನಾ ಹೋಗಿ ನೋಡಿ ಬರುತ್ತಿದ್ದ. ಈಜಲು ಬಾರದಿದ್ದುದರಿಂದ ದೂರದಿಂದಲೇ ನೋಡುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅವನ ಕೈಯಲ್ಲಿ ಮೊಬೈಲು ಇತ್ತು. ಅದರಲ್ಲಿ ಒಬ್ಬ ಗಡ್ಡದ ಬಿಳಿಯ ಹಿಮ ಬೀಳುವ ಮುಂಜಾನೆ ಎದೆಮಟ್ಟದ ರಬ್ಬರಿನ ಚಡ್ಡಿ ತೊಟ್ಟು ನದಿಯಲ್ಲಿ ನಿಂತು ಸ್ಟೀಲ್‌ಹೆಡ್ ಎಂಬ ಮೀನು ಹಿಡಿಯುತ್ತಿದ್ದ. ಎರಡು ಗಂಟೆ ಕಾದು ಒಂದು ಹಿಡಿಯುವುದು, ಅದರ ಹಣೆಗೆ ಮುತ್ತು ಕೊಡುವುದು, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುವುದು. ನರಸಿಂಹರಾಜು ಇದನ್ನು ದಿನಕ್ಕೆ ಎಂಟು ಸಲ ನೋಡಿದ. ಒಂದು ವಾರದೊಳಗೆ ತಾನೂ ಅಂಥವನೇ ಎಂದು ಅವನಿಗೆ ಖಾತ್ರಿಯಾಯಿತು. ಗಡ್ಡ ಮಾತ್ರ ಇರಲಿಲ್ಲ.

ಟೀ ಅಂಗಡಿಯಲ್ಲಿ ಅವನು ಇದರ ಬಗ್ಗೆ ಉಪನ್ಯಾಸ ಕೊಡತೊಡಗಿದ. ಮೀನು ಹಿಡಿಯುವುದು ತಿನ್ನುವುದಕ್ಕಲ್ಲ, ಅದೊಂದು ಸ್ಪೋರ್ಟು, ಮುಂದುವರಿದ ದೇಶಗಳಲ್ಲಿ ಹಿಡಿದದ್ದನ್ನು ಬಿಟ್ಟುಬಿಡುತ್ತಾರೆ, ನಮ್ಮ ಜನ ಬಲೆ ಬೀಸಿ ಬಾಚುತ್ತಾರೆ, ಥೂ, ಎಂದ. ಬಾಚುವವನು ಪಕ್ಕದಲ್ಲೇ ಕುಳಿತಿದ್ದ. ಸಣ್ಣರಂಗಯ್ಯ ಪಂಚಾಯಿತಿ ಹರಾಜಿನಲ್ಲಿ ಆನೆಮಡುವಿನ ಮೀನನ್ನು ಮೂರು ವರ್ಷಕ್ಕೆ ಗುತ್ತಿಗೆ ಹಿಡಿದಿದ್ದ. ಬೆಳಿಗ್ಗೆ ಬಲೆ ಬೀಸಿ, ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿ ಕೊಳಾಲದಲ್ಲಿ ಮಾರಿ ಬರುವುದು ಅವನ ಬದುಕು. ಅವನು ಟೀ ಲೋಟ ಕೆಳಗಿಟ್ಟು ಕೇಳಿದ:

"ತಿನ್ನಕ್ಕಲ್ದಿದ್ರೆ ಅದ್ರ ಬಾಯಿಗೆ ಯಾಕ್ ಭಾವ ಚುಚ್ಚಾದು? ಸುಮ್ನೆ ನಿಂತ್ಕಂಡು ನೋಡಿದ್ರಾಗಲ್ವಾ?"

ನರಸಿಂಹರಾಜು ಮರುಕದಿಂದ ನಕ್ಕ. ಅಂದೇ ಸಂಜೆ ತಿರುಮಣಿಯ ಗೆಳೆಯರ 'ಸೋಲಾರ್ ಮಿತ್ರರು' ಎಂಬ ವಾಟ್ಸಾಪ್ ಗುಂಪಿನಲ್ಲಿ, ಸಂಕ್ರಾಂತಿಯ ಒಳಗೆ ತೊಡೆಗಾತ್ರದ ಮೀನಿನ ಜೊತೆ ತನ್ನ ಫೋಟೋ ಬರುತ್ತದೆ ಎಂದು ಘೋಷಿಸಿಬಿಟ್ಟ. ಗುಂಪಿನಲ್ಲಿ ನಲವತ್ತೊಂದು ಜನ. ಎಲ್ಲರೂ ಹೊಲ ಬಾಡಿಗೆಗೆ ಕೊಟ್ಟವರು, ಎಲ್ಲರಿಗೂ ಬಿಡುವು. ಫೋಟೋ ಎಲ್ಲಿ ಎಂದು ಕೇಳುವುದೇ ಮರುದಿನದಿಂದ ಅವರ ಉದ್ಯೋಗವಾಯಿತು.

ಗಾಳದ ಕಡ್ಡಿ ಆನ್‌ಲೈನಿನಲ್ಲಿ ಬಂತು. ರಬ್ಬರಿನ ಚಡ್ಡಿಯ ಬೆಲೆ ನೋಡಿ ಅವನು ಮೊಬೈಲನ್ನು ಮಗುಚಿಟ್ಟ. ಆಮೇಲೆ ಕೊರಟಗೆರೆ ಬಸ್ ನಿಲ್ದಾಣದ ಹಿಂದೆ ಆಟೋ ಸೀಟು, ಟಾರ್ಪಾಲು ಹೊಲಿಯುವ ಮುಜಾಮಿಲ್‌ನ ಹತ್ತಿರ ಹೋಗಿ ವಿಡಿಯೋ ತೋರಿಸಿದ. ಮುಜಾಮಿಲ್ ಎರಡು ಸಲ ನೋಡಿದ.

"ಚಾಚಾ, ಹೊಲಿಯೋದು ದೊಡ್ಡ ಮಾತಲ್ಲ. ಆದ್ರೆ ಸೂಜಿ ಹೋದ ಕಡೆ ನೀರೂ ಹೋಗ್ತದೆ. ನೀರು ಹೊರಗಿರ್ಬೇಕಾ ಒಳಗಿರ್ಬೇಕಾ, ಮೊದ್ಲೇ ಹೇಳ್ಬಿಡಿ."

ಇಷ್ಟು ಸ್ಪಷ್ಟವಾದ ಎಚ್ಚರಿಕೆ ಮನುಷ್ಯನಿಗೆ ಜೀವಮಾನದಲ್ಲಿ ಒಂದೆರಡು ಸಲ ಸಿಗುತ್ತದೆ. ನರಸಿಂಹರಾಜು ಅದನ್ನು ಕಸುಬಿನವನ ಸೋಮಾರಿತನ ಎಂದು ತಿಳಿದು, ಹೊಲಿ ಹೊಲಿ ಎಂದ. ಯಾವನೋ ಮುಖಂಡನ ಹುಟ್ಟುಹಬ್ಬಕ್ಕೆ ಕಟ್ಟಿದ್ದ ಹಳೆಯ ಫ್ಲೆಕ್ಸಿನಲ್ಲಿ ಎದೆಮಟ್ಟದ ಚಡ್ಡಿ ತಯಾರಾಯಿತು. ಮುಖಂಡನ ಮುಗಿದ ಕೈಗಳು ಸರಿಯಾಗಿ ಕುಂಡೆಯ ಜಾಗಕ್ಕೆ ಬಂದವು. ಮರ್ಯಾದೆಯ ದೃಷ್ಟಿಯಿಂದ ಚಿತ್ರವನ್ನು ಒಳಮೈಗೆ ತಿರುಗಿಸಿ ಹೊಲಿಸಿದ್ದಾಯಿತು.

ಇನ್ನು ಉಳಿದದ್ದು ಹೆಂಡತಿ. ಧನುರ್ಮಾಸ ಹತ್ತಿರ ಬಂದಿತ್ತು. ಆ ಒಂದು ತಿಂಗಳು ಗಂಗಲಕ್ಷ್ಮಿಯ ಮನೆಯಲ್ಲಿ ಮೀನು ಮಾಂಸ ಬೇಯುವುದಿರಲಿ, ಅದರ ಮಾತು ಕೂಡ ಆಡುವಂತಿರಲಿಲ್ಲ. ಮೀನಿನ ವಾಸನೆಯೇನಾದರೂ ಹೊಸಲು ದಾಟಿ ಬಂದರೆ ಅದನ್ನು ತಂದವರು ತಿರುಮಣಿಯ ಬಸ್ಸು ಹತ್ತಬೇಕಾಗುತ್ತದೆ ಎಂದು ಅವಳು ಮೊದಲೇ ತಿಳಿಸಿದ್ದಳು. ಆದ್ದರಿಂದ ನರಸಿಂಹರಾಜು ಯಾರಿಗೂ ಹೇಳದೆ, ಧನುರ್ಮಾಸದ ಮೊದಲನೆಯ ದಿನವೇ, ಬೆಳಗಿನ ಐದೂವರೆಗೆ ಮಂಕಿಕ್ಯಾಪು ಹಾಕಿಕೊಂಡು ಹೊಳೆಗೆ ಹೊರಟ. ದಿನ ಆರಿಸುವುದರಲ್ಲೂ ಬುದ್ಧಿ ಬೇಕು.

ಚಳಿ ಬಂಡೆಯನ್ನೇ ಬಿರಿಸುವಂತಿತ್ತು. ಮಂಜಿನಲ್ಲಿ ಮಡು ಕಾಣುತ್ತಿರಲಿಲ್ಲ. ಅವನು ಬಿಳಿಯನಂತೆ ಕಡ್ಡಿಯನ್ನು ಹಿಂದಕ್ಕೆ ಎತ್ತಿ ಮುಂದಕ್ಕೆ ಬೀಸಿದ. ಗಾಳ ಅವನದೇ ಮಂಕಿಕ್ಯಾಪಿಗೆ ಸಿಕ್ಕಿ ಅದನ್ನು ಕಿತ್ತುಕೊಂಡು ಹೋಗಿ ಮಡುವಿನ ನಡುವೆ ಬಿತ್ತು. ಅದನ್ನು ಎಳೆದುಕೊಳ್ಳಲು ಹೆಜ್ಜೆ ಮುಂದಿಟ್ಟ. ಸೊಂಟದವರೆಗೆ ಇಳಿದ. ಸೂಜಿ ಹೋದ ಕಡೆಯಲ್ಲೆಲ್ಲ ನೀರು ಹೋಯಿತು. ಎರಡು ನಿಮಿಷದಲ್ಲಿ ಅವನ ಒಂದೊಂದು ಕಾಲೂ ಒಂದೊಂದು ಹಂಡೆಯಾಯಿತು. ಗಾಬರಿಯಲ್ಲಿ ಕಡ್ಡಿ ಕೈಜಾರಿತು. ಮುಂದೆ ಹೋದರೆ ಮುಳುಗುತ್ತಾನೆ, ಹಿಂದೆ ಬರಲು ಕಾಲು ಏಳುವುದಿಲ್ಲ. ಎರಡು ಅಂಗೈಗಳನ್ನು ಎದೆಯ ಹತ್ತಿರ ಒತ್ತಿ ಉಜ್ಜುತ್ತ, ತುಟಿ ನಡುಗಿಸುತ್ತ, ಮೂಡಣಕ್ಕೆ ಮುಖ ಮಾಡಿ ನಿಂತುಬಿಟ್ಟ.

ಧನುರ್ಮಾಸದ ಪೂಜೆಗೆ ಹೊಳೆಯಾಚೆಯ ದೇವಸ್ಥಾನಕ್ಕೆ ಹೊರಟಿದ್ದ ಬೊಮ್ಮಕ್ಕ ಅದೇ ದಾರಿಯಲ್ಲಿ ಬಂದಳು. ಬೊಮ್ಮಕ್ಕನಿಗೆ ಎಪ್ಪತ್ತೈದು. ಕಣ್ಣಿಗೆ ಪೊರೆ ಬಂದಿದೆ, ಬಾಯಿಗೆ ಇನ್ನೂ ಬಂದಿಲ್ಲ.

"ಯಾರಪ್ಪ ಅದು, ಅಳಿಯಂದ್ರಾ? ಇಂಥಾ ಚಳೀಲಿ ನೀರ್ನಾಗೆ ನಿಂತಿದೀರಲ್ಲ, ಸ್ನಾನಕ್ಕೆ ಬಂದ್ರಾ?"

ನಿಜ ಹೇಳಿದರೆ ಅದು ಬೊಮ್ಮಕ್ಕನಿಗಿಂತ ಮೊದಲೇ ಮನೆ ತಲುಪುತ್ತದೆ. ನರಸಿಂಹರಾಜು ಹೂಂ ಎಂದ. ಬೊಮ್ಮಕ್ಕ ಅವನು ಮೇಲೆ ಬರಲಿ ಎಂದು ಕಾದಳು. ಅವನು ಬರಲಿಲ್ಲ, ಬರುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಅವಳು ಕೈಮುಗಿದು ಮುಂದೆ ಹೋದಳು. ಮುಕ್ಕಾಲು ಗಂಟೆಯ ಮೇಲೆ ಎಡಗಾಲಿನ ಹೊಲಿಗೆ ಬಿಟ್ಟು ನೀರು ಇಳಿದಾಗ ಅವನು ತೆವಳಿಕೊಂಡು ದಡಕ್ಕೆ ಬಂದ.

ಅವನು ಮನೆ ಸೇರುವ ಹೊತ್ತಿಗೆ ಹುಗ್ಗಿ ಸೇರಿತ್ತು. ದೇವರ ನೈವೇದ್ಯದ ಹುಗ್ಗಿಯಲ್ಲಿ ಮೊದಲ ಪಾಲು, ಬಾಳೆಲೆ ಮುಚ್ಚಿ, ತಿರುಮಣಿ ಅಳಿಯಂದಿರಿಗೆ. ತಿಂಗಳೆಲ್ಲ ಹೊಳೆಯಲ್ಲಿ ನಿಂತು ವ್ರತ ಮಾಡುತ್ತಾರಂತೆ ಎಂದು ತಂದವರು ಹೇಳಿ ಹೋಗಿದ್ದರು. ಗಂಗಲಕ್ಷ್ಮಿ ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಮನೇಲಿ ಬಿಸ್ನೀರು ಕಾಯ್ಸಿ ಕರೆದ್ರೂ ನಾಳೆ ನೋಡಾನ ಅಂತೀರಿ. ಹೊಳೆಗೆ ಯಾವಾಗ ಬಿದ್ರಿ?"

ಅವನು ಉತ್ತರಿಸಲು ಹಲ್ಲುಗಳು ಬಿಡಲಿಲ್ಲ. ಅಷ್ಟರಲ್ಲಿ ಬೀದಿಯ ಮೂವರು ಹೆಂಗಸರು ಬಂದು, ನೀನು ಪುಣ್ಯವಂತೆ ಕಣಮ್ಮ ಎಂದು ಗಂಗಲಕ್ಷ್ಮಿಯ ಕೈಹಿಡಿದರು. ಅವಳು ಹುಟ್ಟಿದ ಊರಿನಲ್ಲಿ ಮೂರು ವರ್ಷದಿಂದ ಕೆಲಸವಿಲ್ಲದ ಗಂಡನ ಹೆಂಡತಿಯಾಗಿದ್ದಳು. ನಲ್ಲಿಯ ಸಾಲಿನಲ್ಲಿ ಅವಳ ಬಿಂದಿಗೆಯನ್ನು ಯಾರು ಬೇಕಾದರೂ ಹಿಂದಕ್ಕೆ ಸರಿಸುತ್ತಿದ್ದರು. ಅವತ್ತು ಸಾಯಂಕಾಲ ಅವಳ ಬಿಂದಿಗೆ ಎಲ್ಲರಿಗಿಂತ ಮುಂದೆ ನಿಂತಿತು. ರಾತ್ರಿ ಊಟಕ್ಕೆ ಬಡಿಸುವಾಗ ಅವಳು ಗಂಡನನ್ನು, ನಾಳೆ ಎಷ್ಟು ಹೊತ್ತಿಗೆ ಎಬ್ಬಿಸಲಿ ಎಂದು ಮೆತ್ತಗೆ ಕೇಳಿದಳು. ಅಷ್ಟು ಮೆತ್ತಗಿನ ದನಿಯನ್ನು ಅವನು ಮದುವೆಯಾದ ವರ್ಷದಲ್ಲೂ ಕೇಳಿರಲಿಲ್ಲ. ಐದಕ್ಕೆ ಎಂದ.

ಹೀಗೆ ನರಸಿಂಹರಾಜು ವ್ರತಸ್ಥನಾದ.

ಎರಡನೆಯ ದಿನ ಮಡುವಿನ ಬಂಡೆಯ ಮೇಲೆ ಅವನ ಕಡ್ಡಿಯೂ ಮಂಕಿಕ್ಯಾಪೂ ಇದ್ದವು. ಸಣ್ಣರಂಗಯ್ಯನ ಬಲೆಗೆ ಸಿಕ್ಕಿದ್ದವು. ಅವನು ಕ್ಯಾಪನ್ನು ಹಿಂಡಿ, ಮಡಿಸಿ, ಅದರ ಮೇಲೆ ಗಾಳವನ್ನು ಸುತ್ತಿಟ್ಟು ಹೋಗಿದ್ದ. ಯಾರಿಗೂ ಏನೂ ಹೇಳಿರಲಿಲ್ಲ. ಅವನ ಬಾಯಿ ಅವನ ಬಲೆಯ ಹಾಗೆ, ಬೇಕಾದಾಗ ಮಾತ್ರ ಬಿಚ್ಚುತ್ತಿತ್ತು.

ನಾಲ್ಕನೆಯ ದಿನ, ಬೊಮ್ಮಕ್ಕ ಬರುವುದಕ್ಕೆ ಸ್ವಲ್ಪ ಮುಂಚೆ, ಗಾಳಕ್ಕೆ ಒಂದು ಜಿಲೇಬಿ ಮೀನು ಬಿತ್ತು. ಬೆರಳುದ್ದ. ಆದರೂ ನಿಯಮ ನಿಯಮವೇ ಎಂದು ನರಸಿಂಹರಾಜು ಕಡ್ಡಿಯನ್ನು ಜೊಂಡಿನಲ್ಲಿ ಬಚ್ಚಿಟ್ಟು, ಮೀನನ್ನು ಎರಡು ಕೈಯಲ್ಲಿ ಎತ್ತಿ, ಕಣ್ಣುಮುಚ್ಚಿ ಅದರ ಹಣೆಗೆ ಮುತ್ತು ಕೊಟ್ಟು ನೀರಿಗೆ ಬಿಟ್ಟ. ಕಣ್ಣು ಬಿಟ್ಟಾಗ ದಡದ ಮೇಲೆ ಬೊಮ್ಮಕ್ಕ ನಿಂತಿದ್ದಳು. ಜೊತೆಗೆ ಐವರು ಹೆಂಗಸರು, ಐದು ಕಳಸದ ಚೆಂಬು.

ದೇವಸ್ಥಾನ ತಲುಪುವಾಗ ಮೀನು ಮೊಳದುದ್ದವಾಗಿತ್ತು. ಮಂಗಳಾರತಿಯ ಹೊತ್ತಿಗೆ ಅದು ತಾನಾಗಿಯೇ ನೀರಿನಿಂದ ಎದ್ದು ಅಳಿಯಂದಿರ ಅಂಗೈಗೆ ಬಂದಿತ್ತು. ಹುಗ್ಗಿ ಹಂಚುವಷ್ಟರಲ್ಲಿ ಅದರ ಹಣೆಯ ಮೇಲೆ ನಾಮವನ್ನು ಇಬ್ಬರು ಕಂಡಿದ್ದರು.

ಇಂಥ ಸುದ್ದಿ ಬರೀ ಗಾಳಿಯಲ್ಲಿ ಹಾರಾಡಿಕೊಂಡಿದ್ದರೆ ಯಾರಿಗೂ ತೊಂದರೆಯಿಲ್ಲ. ಅದನ್ನು ಹಿಡಿದು ಕಟ್ಟಿಹಾಕುವವನೊಬ್ಬ ಬೇಕು. ಹುಲುಗಲಹಳ್ಳಿಯಲ್ಲಿ ಅಂಥವನು ಸಂಜೀವಯ್ಯ. ಪಂಚಾಯಿತಿ ಚುನಾವಣೆಯಲ್ಲಿ ಎರಡು ಸಲ ಸೋತು, ಈಗ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷನಾಗಿ ಸಮಾಧಾನಪಟ್ಟುಕೊಂಡಿದ್ದ. ಜೀರ್ಣೋದ್ಧಾರ ಆರು ವರ್ಷದಿಂದ ನಡೆಯುತ್ತಿತ್ತು, ಅದರಲ್ಲಿ ಈವರೆಗೆ ಉದ್ಧಾರವಾದದ್ದು ರಸೀದಿ ಪುಸ್ತಕದ ರಟ್ಟು. ಅವನು ಮಡುವಿಗೆ ಬಂದು ನರಸಿಂಹರಾಜುವನ್ನು ಮೂರು ಕೋನಗಳಿಂದ ನೋಡಿದ. ಮರುವಾರ ಬಂಡೆಯ ಮೇಲೆ ಹತ್ತಡಿಯ ಫ್ಲೆಕ್ಸ್ ನಿಂತಿತು. ದೇವರ ಮಡು, ಇಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ, ಇಂತಿ ಸಮಿತಿ. ಮಧ್ಯದಲ್ಲಿ ಕೈಮುಗಿದು ನೀರಿನಲ್ಲಿ ನಿಂತ ನರಸಿಂಹರಾಜು. ಅವನಿಗಿಂತ ಕೊಂಚ ದೊಡ್ಡದಾಗಿ, ದಡದಲ್ಲಿ ನಿಂತ ಸಂಜೀವಯ್ಯ.

ನರಸಿಂಹರಾಜು ಫ್ಲೆಕ್ಸನ್ನು ಬಹಳ ಹೊತ್ತು ನೋಡಿದ. ಮೀನು ಹಿಡಿಯಲು ಬಂದವನ ಚಿತ್ರವನ್ನೇ ಮೀನು ಹಿಡಿಯಬಾರದೆಂಬ ಫಲಕಕ್ಕೆ ಅಂಟಿಸಿದ್ದಾರಲ್ಲ ಎಂದು ಬೇರೆ ಯಾರಿಗಾದರೂ ಮೈ ಉರಿಯುತ್ತಿತ್ತು. ಅವನಿಗೆ ಕಂಡದ್ದು ತನ್ನ ಮೂಗು ಚೆನ್ನಾಗಿ ಬಂದಿದೆ ಎಂಬುದು.

ಕೊಳಾಲದಿಂದ, ಅದರಾಚೆಯ ಹಳ್ಳಿಗಳಿಂದ ಜನ ಬರತೊಡಗಿದರು. ಬಂದವರು ಹುಗ್ಗಿ ತಂದರು. ದೇವರ ಮೀನಿಗೆ ಎಂದು ಮಡುವಿಗೆ ಎಸೆದರು. ಸಿಹಿ ಹುಗ್ಗಿ, ಖಾರದ ಹುಗ್ಗಿ, ಮೆಣಸು ಗೋಡಂಬಿ ಸಹಿತ. ಸಣ್ಣರಂಗಯ್ಯನ ಬಲೆ ಮನೆಯ ಮುಂದೆ ಗೂಟಕ್ಕೆ ನೇತುಬಿದ್ದು ಒಣಗಿತು. ಮಡುವಿನ ಮೀನುಗಳು ಕೂತು ತಿಂದು ತಿಂದು ನರಸಿಂಹರಾಜುವಿನಂತೆಯೇ ದಪ್ಪಗಾದವು. ಹೊಳೆಯ ಕೆಳಗಿನಿಂದಲೂ ದೊಡ್ಡ ಮೀನುಗಳು ವಾಸನೆ ಹಿಡಿದು ಬಂದವು. ಹುಗ್ಗಿಯ ವಿಷಯದಲ್ಲಿ ಮೀನಿಗೂ ಭಕ್ತರಿಗೂ ಅಂಥ ವ್ಯತ್ಯಾಸವಿರಲಿಲ್ಲ.

ಒಂದು ಮಧ್ಯಾಹ್ನ ಗಂಗಲಕ್ಷ್ಮಿ ಹೆಂಗಸರ ಭಜನೆಗೆ ಹೋಗಿದ್ದಾಗ ಸಣ್ಣರಂಗಯ್ಯ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ. ಸಮಿತಿಯವರು ತನ್ನ ಗುತ್ತಿಗೆಯನ್ನೇ ರದ್ದು ಮಾಡಬೇಕೆಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆಂದು ಹೇಳಿದ. ಇನ್ನೂ ಎರಡು ವರ್ಷ ಬಾಕಿಯಿದೆ, ಈ ಮಡು ಬಿಟ್ಟರೆ ತನಗೆ ಬೇರೆ ನೀರಿಲ್ಲ, ಬಲೆ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಮನೆಯಲ್ಲಿ ಐದು ಬಾಯಿ.

"ಬಲೆ ಒಣಗಿ ಹದಿಮೂರು ದಿನ ಆಯ್ತು ಭಾವ. ನಾನು ಯಾರ್ ತಾವೂ ಬಾಯ್ಬುಟ್ಟಿಲ್ಲ. ನೀವೇ ಒಂದ್ ಮಾತು, ಮೀನ್ ಹಿಡಿಯಕ್ಕೆ ಬಂದಿದ್ದೆ ಅಂತ ಅಂದ್ಬುಡಿ. ಅಷ್ಟೇ."

ನರಸಿಂಹರಾಜುವಿನ ಕರುಳು ಚುರುಕ್ಕೆಂದಿತು. ಅವನಿಗೆ ಕರುಳಿಲ್ಲ ಎನ್ನುವಂತಿಲ್ಲ, ಅದು ಬೆನ್ನುಮೂಳೆಯ ಜಾಗದಲ್ಲೂ ಇತ್ತು, ಅಷ್ಟೇ. ಖಂಡಿತ ಹೇಳುತ್ತೇನೆ, ನಾಳೆಯೇ ಹೇಳುತ್ತೇನೆ ಎಂದ. ಸಣ್ಣರಂಗಯ್ಯ ಕೈಮುಗಿದು ಹೋದ. ಭಜನೆ ಮುಗಿಸಿ ಬಂದ ಗಂಗಲಕ್ಷ್ಮಿಯ ಮುಡಿಯಲ್ಲಿ ಸಮಿತಿಯವರು ಕೊಟ್ಟ ಮೊಳ ಸೇವಂತಿಗೆ ಇತ್ತು. ನಾಳೆ ಎಂಬುದು ನಾಡಿದ್ದಾಯಿತು. ನಾಡಿದ್ದು ಅಮಾವಾಸ್ಯೆ, ಅಂಥ ದಿನ ಬೇಡ ಎನಿಸಿತು.

ನಿಜ ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಅವನ ಕಾಲಿಗೆ ಈಗ ದೊಡ್ಡ ದೊಡ್ಡ ಮೀನುಗಳು ತಾಕುತ್ತಿದ್ದವು. ಸೋಲಾರ್ ಮಿತ್ರರು ಬೆಳಿಗ್ಗೆ ಸಂಜೆ ಫೋಟೋ ಕೇಳುತ್ತಿದ್ದರು, ಒಬ್ಬ ಮಾರುಕಟ್ಟೆಯ ಒಣಮೀನಿನ ಚಿತ್ರ ಕಳಿಸಿ ಇದೇನಾ ಎಂದಿದ್ದ. ಆದರೆ ನೂರು ಜನ ನೋಡುತ್ತಿರುವಾಗ ಕಡ್ಡಿ ಬೀಸುವುದು ಹೇಗೆ? ನರಸಿಂಹರಾಜು ಮೂರು ದಿನ ಯೋಚಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಉಪಾಯ ಕಂಡುಹಿಡಿದ. ಫ್ಲೆಕ್ಸಿನ ಚಡ್ಡಿಯನ್ನು ಬಿಟ್ಟು ಪಂಚೆಯುಟ್ಟ. ಗಟ್ಟಿ ನೈಲಾನ್ ದಾರದ ಒಂದು ತುದಿಯನ್ನು ಪಂಚೆಯೊಳಗೆ ತನ್ನ ಉಡಿದಾರಕ್ಕೆ ಬಿಗಿದ. ಇನ್ನೊಂದು ತುದಿಗೆ ಗಾಳ, ಗಾಳಕ್ಕೆ ಪ್ರಸಾದದ ಹುಗ್ಗಿಯ ಉಂಡೆ. ನೀರಿನ ಮೇಲೆ ಮುಗಿದ ಕೈ, ನೀರಿನ ಕೆಳಗೆ ಗಾಳ. ಊರೂರಿನಿಂದ ಬಂದ ಜನ ದಡದ ಮೇಲೆ ಅಡ್ಡಬೀಳುತ್ತಿದ್ದರೆ ಅವನು ಅವರ ಕಣ್ಣೆದುರಿಗೇ ಮೀನು ಹಿಡಿಯುತ್ತಿದ್ದ. ಹಿಡಿಯುತ್ತಿದ್ದ ಎನ್ನುವುದೂ ಹೆಚ್ಚಾಯಿತು. ಮೀನುಗಳು ಹುಗ್ಗಿ ತಿಂದು ಗಾಳ ಬಿಟ್ಟು ಹೋಗುತ್ತಿದ್ದವು.

ಅರ್ಜಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಶಿವಲಕ್ಷ್ಮಿಯವರ ಮೇಜಿನ ಮೇಲೆ ಬಂದು ಕೂತಿತ್ತು. ಸಿರಾ ಕಡೆಯ ಹೆಣ್ಣುಮಗಳು, ಹೊಸಬರು, ನಗುವುದು ಕಡಿಮೆ. ವ್ರತದ ವಿಷಯವಾಗಿ ಗುತ್ತಿಗೆ ರದ್ದು ಮಾಡಲು ಯಾವ ನಿಯಮದಲ್ಲೂ ಕಾಲಂ ಇಲ್ಲ ಎಂದು ಅವರು ಹೇಳಿದಾಗ, ನೂರಾ ಎಂಬತ್ತು ಸಹಿಗಳಿವೆ ಎಂದು ಸಂಜೀವಯ್ಯ ಮೇಜು ತಟ್ಟಿದ. ಕೊನೆಗೆ ಸ್ಥಳ ಮಹಜರು ಎಂದು ತೀರ್ಮಾನವಾಯಿತು. ವ್ರತ ಮಾಡುವ ವ್ಯಕ್ತಿ ವ್ರತದ ಸ್ಥಳದಲ್ಲೇ, ಎಲ್ಲರೆದುರು, ತನ್ನದು ವ್ರತವೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳತಕ್ಕದ್ದು. ಹೌದೆಂದರೆ ಗುತ್ತಿಗೆಯನ್ನು ಸಭೆಯ ಮುಂದಿಡುವುದು, ಅಲ್ಲವೆಂದರೆ ಅರ್ಜಿ ವಜಾ. ಗುತ್ತಿಗೆದಾರ ಸಣ್ಣರಂಗಯ್ಯನೂ ತನ್ನ ಬಲೆ, ಬುಟ್ಟಿ, ಕರಾರು ಪತ್ರ ಸಮೇತ ಹಾಜರಿರತಕ್ಕದ್ದು.

ಅದು ಧನುರ್ಮಾಸದ ಇಪ್ಪತ್ತೆಂಟನೆಯ ಬೆಳಗು. ಹಿಂದಿನ ದಿನ ಯಾವುದೋ ಭಾರಿ ಮೀನು ದಾರವನ್ನು ಎಳೆದು ಬಿಟ್ಟಿತ್ತು. ಸಂಕ್ರಾಂತಿಗೆ ಎರಡೇ ದಿನ ಉಳಿದಿತ್ತು. ಇಂಥ ದಿನವಾದರೂ ಗಾಳವನ್ನು ಮನೆಯಲ್ಲಿಟ್ಟು ಬರುವುದು ಸಾಮಾನ್ಯ ಬುದ್ಧಿ. ನರಸಿಂಹರಾಜು ಹುಗ್ಗಿಯ ಉಂಡೆಯನ್ನು ಇನ್ನೂ ದಪ್ಪ ಮಾಡಿ ಕಟ್ಟಿದ.

ಆರೂವರೆಗೆ ಮಂಜಿನಲ್ಲೇ ಊರೆಲ್ಲ ಸೇರಿತು. ಬೊಮ್ಮಕ್ಕ ಕಂಬಳಿ ಹೊದ್ದು ಮುಂದಿನ ಬಂಡೆಯಲ್ಲಿ ಕೂತಳು. ಗಂಗಲಕ್ಷ್ಮಿ ರೇಷ್ಮೆ ಸೀರೆಯುಟ್ಟು ಸಮಿತಿಯವರ ಪಕ್ಕದಲ್ಲಿ ನಿಂತಳು. ಸಣ್ಣರಂಗಯ್ಯ ಹೊಸದಾಗಿ ಹೆಣೆದ ಬಲೆಯನ್ನು ಹೆಗಲಿಗೆ ಹಾಕಿಕೊಂಡು, ಕರಾರು ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಡಿದು, ಎಲ್ಲರಿಂದ ಸ್ವಲ್ಪ ದೂರ ನಿಂತ. ನರಸಿಂಹರಾಜು ಸೊಂಟಮಟ್ಟದ ನೀರಿನಲ್ಲಿ ಕೈಮುಗಿದು ಮೂಡಣಕ್ಕೆ ಮುಖ ಮಾಡಿದ್ದ.

ಶಿವಲಕ್ಷ್ಮಿಯವರು ಕಾಗದ ತೆಗೆದು ಕೇಳಿದರು: "ನರಸಿಂಹರಾಜು ಅವರೇ, ನೀವು ಇಲ್ಲಿ ಮಾಡ್ತಿರೋದು ವ್ರತನಾ? ಹೌದು ಅಥವಾ ಅಲ್ಲ ಅಂತ ಹೇಳಿ. ಬೇರೆ ಏನೂ ಬೇಡ."

ಅವನು ಸಣ್ಣರಂಗಯ್ಯನ ಕಡೆ ನೋಡಲಿಲ್ಲ. ರೇಷ್ಮೆ ಸೀರೆಯ ಕಡೆ ನೋಡಿದ, ಫ್ಲೆಕ್ಸಿನಲ್ಲಿದ್ದ ತನ್ನ ಮೂಗಿನ ಕಡೆ ನೋಡಿದ, ಉಸಿರು ಎಳೆದುಕೊಂಡು ಬಾಯಿ ತೆರೆದ. ಅಲ್ಲ ಎನ್ನಲು ಹೊರಟಿದ್ದೆ ಎಂದು ಅವನು ಈಗಲೂ ಹೇಳುತ್ತಾನೆ. ಹೌದು ಎನ್ನಲು ಹೊರಟಾಗ ತುಟಿಗಳು ಯಾವ ಆಕಾರಕ್ಕೆ ಬರುತ್ತವೋ ಅವನ ತುಟಿಗಳು ಆ ಆಕಾರದಲ್ಲಿದ್ದವು.

ಆ ಕ್ಷಣದಲ್ಲಿ ಮೀನು ಉಂಡೆಯನ್ನು ನುಂಗಿತು.

ನರಸಿಂಹರಾಜುವಿನ ಸೊಂಟ ಒಮ್ಮೆಗೇ ಎಡಕ್ಕೆ ಹೋಯಿತು. ತಲೆ ಮತ್ತು ಕೈ ಅಲ್ಲೇ ಇದ್ದವು. ಆಮೇಲೆ ಅವೂ ಹಿಂಬಾಲಿಸಿದವು. ಪಾಚಿಯ ಮೇಲೆ ಕಾಲು ಜಾರಿ ಎದೆಮಟ್ಟಕ್ಕೆ ಇಳಿದ, ಮಡುವಿನ ಸುತ್ತ ಅರ್ಧ ಪ್ರದಕ್ಷಿಣೆ ಹಾಕಿದ, ಕುತ್ತಿಗೆಮಟ್ಟಕ್ಕೆ ಇಳಿದ. ಪ್ರಾಣಸಂಕಟದಲ್ಲಿ ಕನ್ನಡ ಮರೆತುಹೋಗಿ, ಚಿಕ್ಕಂದಿನ ತೆಲುಗಿನಲ್ಲಿ, ಸಚ್ಚಿಪೋತಿನಿ ರೋ, ಸತ್ತೆನಪ್ಪೋ ಎಂದು ಕೂಗಿದ. ದಡದ ಜನ ಎದ್ದು ನಿಂತು ಕೈಮುಗಿದರು. ಇಬ್ಬರು ಹುಡುಗರು ನೀರಿಗೆ ಹಾರಲು ಅಂಗಿ ಬಿಚ್ಚಿದಾಗ ಸಂಜೀವಯ್ಯ ಎರಡು ಕೈ ಅಡ್ಡ ಚಾಚಿದ.

"ಯಾರೂ ಮುಟ್‌ಬ್ಯಾಡ್ರಪ್ಪ. ದೇವ್ರು ಕರಕಂಡೋಗ್ತಾವ್ನೆ. ಇಂಥಾ ಸಾವು ಎಲ್ರಿಗೂ ಬರಾದಿಲ್ಲ."

ನರಸಿಂಹರಾಜು ಮುಳುಗಿದ. ಎದ್ದ. ಇಂಥ ಸಾವು ತನಗೆ ಬೇಡವೆಂದು ಹೇಳುವಷ್ಟರಲ್ಲಿ ಮತ್ತೆ ಮುಳುಗಿದ.

ಸಣ್ಣರಂಗಯ್ಯ ಆಗಲೇ ಬಂಡೆಯ ತುದಿಗೆ ಬಂದು ಬಲೆಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಮೊಣಕೈಗೆ ಹಾಕಿಕೊಂಡು ಸಿದ್ಧನಾಗಿದ್ದ. ಬೀಸುವ ಮೊದಲು ಅಂಚನ್ನು ಬಾಯಿಂದ ತೆಗೆದು ಅಧಿಕಾರಿಯ ಕಡೆ ತಿರುಗಿದ.

"ಮೇಡಂ, ಇಲ್ಲಿ ಬಲೆ ಹಾಕಂಗಿಲ್ಲ ಅಂತ ಬೋರ್ಡೈತೆ. ಹಾಕ್ಬೌದಾ?"

ಸಂಜೀವಯ್ಯ, ಹಾಕುವಂತಿಲ್ಲ, ಅರ್ಜಿ ವಿಚಾರಣೆಯಲ್ಲಿದೆ ಎಂದ. ನೀರಿನ ಮೇಲೆ ಎರಡು ಗುಳ್ಳೆ ಬಂದವು. ಶಿವಲಕ್ಷ್ಮಿಯವರು ಪೆನ್ನಿನ ಮುಚ್ಚಳ ಹಾಕಿದರು.

"ಹಾಕ್ರೀ."

"ಬರಕಂಬುಡಿ ಮೇಡಂ," ಎಂದ ಸಣ್ಣರಂಗಯ್ಯ. ಆಮೇಲೆ ಬಲೆ ಬೀಸಿದ.

ಎಷ್ಟೋ ದಿನದಿಂದ ಬಲೆ ಬೀಸದೆ ಒಣಗಿದ್ದ ಕೈ ಅದು, ಆದರೂ ಬಲೆ ಗಾಳಿಯಲ್ಲಿ ದುಂಡಗೆ ಅರಳಿ, ಹಬೆಯಾಡುವ ನೀರಿನ ಮೇಲೆ ಕೂತಿತು. ನಾಲ್ವರು ಸೇರಿ ಎಳೆದರು. ದಡಕ್ಕೆ ಬಂದ ಬಲೆಯಲ್ಲಿ ಎರಡು ಜೀವ ಒದ್ದಾಡುತ್ತಿದ್ದವು. ಒಂದು, ಬೆಳ್ಳಗೆ ಹೊಳೆಯುವ ತೊಡೆಗಾತ್ರದ ಕಾಟ್ಲಾ. ಇನ್ನೊಂದು, ಪಂಚೆ ಕಳೆದುಕೊಂಡ ನರಸಿಂಹರಾಜು. ಕಾಟ್ಲಾದ ಬಾಯಿಯಿಂದ ಹೊರಟ ನೈಲಾನ್ ದಾರ ನೆಟ್ಟಗೆ ಬಂದು ನರಸಿಂಹರಾಜುವಿನ ಉಡಿದಾರದಲ್ಲಿ ಕೊನೆಗೊಂಡಿತ್ತು. ದಾರದ ಮೇಲೆ ಮೆತ್ತಿದ್ದ ಹುಗ್ಗಿಯಲ್ಲಿ ಒಂದು ಗೋಡಂಬಿಯೂ ಇತ್ತು.

ಬೊಮ್ಮಕ್ಕ ಕೋಲೂರಿಕೊಂಡು ಬಂದು, ಬಗ್ಗಿ, ದಾರವನ್ನು ಬೆರಳಿನಲ್ಲಿ ಸವರುತ್ತ ಮೀನಿನಿಂದ ಮನುಷ್ಯನವರೆಗೆ, ಮನುಷ್ಯನಿಂದ ಮೀನಿನವರೆಗೆ ಎರಡು ಸಲ ಹೋಗಿ ಬಂದಳು.

"ಇಪ್ಪತ್ತೆಂಟು ದಿನಕ್ಕೆ ಒಂದೇ ಒಂದಾ?" ಎಂದಳು.

ಅಲ್ಲಿಂದ ಜನಕ್ಕೆ ಬಾಯಿ ಬಂತು. ಮೋಸ ಮಾಡಿದನೆಂದು ಅವರಿಗೆ ಅಷ್ಟು ಸಿಟ್ಟಿರಲಿಲ್ಲ, ಮೋಸ ಮಾಡುವವರನ್ನು ಅವರು ಐದು ವರ್ಷಕ್ಕೊಮ್ಮೆ ಆರಿಸುತ್ತಲೇ ಇದ್ದರು. ಅವರಿಗೆ ತಡೆಯಲಾಗದ್ದು ಅವನ ಕೈಲಾಗದತನ. ಆಳು ಮುಳುಗುವ ನೀರಿನಲ್ಲಿ ಮೀನು ಕಾಲಿಗೆ ತೊಡರುವಷ್ಟು ಇದ್ದವು, ಊರಿನ ಹುಗ್ಗಿಯೆಲ್ಲ ಅಲ್ಲೇ ಸುರಿದಿತ್ತು, ತಿಂಗಳೆಲ್ಲ ನಿಂತು ಈ ಮಹಾಶಯ ಹಿಡಿದದ್ದು ಒಂದು. ಅದೂ ಅದೇ ಇವನನ್ನು ಹಿಡಿದಂತಿತ್ತು. ನಮ್ಮ ಎಮ್ಮೆ ನೀರಿಗೆ ಬಿದ್ದಿದ್ದರೂ ಎರಡು ಹಿಡಿಯುತ್ತಿತ್ತು ಎಂದರು. ಸಂಜೀವಯ್ಯ ತನಗೆ ಮೊದಲಿನಿಂದಲೂ ಅನುಮಾನವಿತ್ತೆಂದು ಎಡಗಡೆಯವರಿಗೆ ಹೇಳಿ, ಬಲಗಡೆಯವರಿಗೆ ಹೇಳಲು ತಿರುಗಿದಾಗ ಅಲ್ಲಿ ಯಾರೂ ಇರಲಿಲ್ಲ. ಅವರು ಫ್ಲೆಕ್ಸ್ ಬಿಚ್ಚುತ್ತಿದ್ದರು, ಕಣಕ್ಕೆ ಹಾಸಲು ಒಳ್ಳೆಯ ಅಳತೆ.

ಶಿವಲಕ್ಷ್ಮಿಯವರು ಬರೆದುಕೊಂಡದ್ದನ್ನು ಓದಿ ಹೇಳಿದರು. ಮೀನು ಒಂದು, ಅಂದಾಜು ಎಂಟು ಕೆ.ಜಿ. ವ್ಯಕ್ತಿ ಒಬ್ಬರು, ಅಂದಾಜು ಐವತ್ತೆರಡು ವರ್ಷ. ಎರಡೂ ಗುತ್ತಿಗೆದಾರರ ಬಲೆಯಲ್ಲಿ ದೊರೆತಿವೆ. ಅರ್ಜಿ ವಜಾ. ಕರಾರಿನ ನಾಲ್ಕನೆಯ ಷರತ್ತಿನಂತೆ ಮಡುವಿನಲ್ಲಿ ಬಲೆಗೆ ಬಿದ್ದದ್ದೆಲ್ಲ ಗುತ್ತಿಗೆದಾರರದು.

"ಮೀನು ಸಾಕು ಮೇಡಂ," ಎಂದ ಸಣ್ಣರಂಗಯ್ಯ. "ಇನ್ನೊಂದ್ನ ಗಂಗಕ್ಕ ತಗಂಡೋಗ್ಲಿ."

ಎಲ್ಲರೂ ಗಂಗಲಕ್ಷ್ಮಿಯ ಕಡೆ ತಿರುಗಿದರು. ಅವಳು ಬಲೆಯ ಹತ್ತಿರ ಬಂದು ಮೊದಲು ಕಾಟ್ಲಾವನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು, ಮತ್ತೆ ಕಾಟ್ಲಾವನ್ನು ನೋಡಿದಳು.

"ನಂಗ್ ಬ್ಯಾಡ ಕಣಣ್ಣ. ಅದಾದ್ರೆ ಒಂದೊತ್ತು ಸಾರಿಗಾದ್ರೂ ಆಗ್ತಿತ್ತು."

ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ದಿಬ್ಬ ಹತ್ತಿ ಹೋದಳು. ನಲ್ಲಿಯಲ್ಲಿ ನೀರು ಬಿಡುವ ಹೊತ್ತಾಗಿತ್ತು, ಸಾಲಿನಲ್ಲಿ ಇನ್ನು ಯಾವ ಜಾಗ ಸಿಗುತ್ತದೋ ಅವಳಿಗೇ ಗೊತ್ತು. ಅವಳ ಹಿಂದೆ ಜನವೂ ಚಳಿಗೆ ಮುದುರಿಕೊಂಡು ಚದುರಿತು.

ದಡದಲ್ಲಿ ಉಳಿದದ್ದು ಇಬ್ಬರೇ. ಸಣ್ಣರಂಗಯ್ಯ ಮೀನನ್ನು ಬುಟ್ಟಿಗೆ ಹಾಕಿ, ಕುಕ್ಕರಗಾಲಿನಲ್ಲಿ ಕೂತು, ನರಸಿಂಹರಾಜುವಿನ ಕೈಕಾಲು ಕಿವಿಗಳಿಗೆ ಸುತ್ತಿಕೊಂಡಿದ್ದ ಬಲೆಯನ್ನು ಒಂದೊಂದೇ ಕಣ್ಣು ಬಿಡಿಸತೊಡಗಿದ. ಮಂಜು ಹರಿದು ನೀರಿನ ಮೇಲೆ ಬಿಸಿಲು ಬಿದ್ದಿತ್ತು. ನರಸಿಂಹರಾಜುವಿನ ನಡುಕ ಸ್ವಲ್ಪ ಕಡಿಮೆಯಾಯಿತು. ಅವನು ತಲೆಯೆತ್ತಲು ಪ್ರಯತ್ನಿಸಿ, ತಾನು ನಿಜ ಹೇಳಬೇಕೆಂದೇ ಇದ್ದೆ, ಇವತ್ತೇ ಹೇಳುವವನಿದ್ದೆ, ದೇವರಾಣೆ, ಎಂದು ಶುರು ಮಾಡಿದ.

"ಅಲ್ಲಾಡ್ಬ್ಯಾಡಿ ಭಾವ," ಎಂದ ಸಣ್ಣರಂಗಯ್ಯ. "ಬಲೆ ಹರೀತದೆ."